ಸಾಂಚಿಯ ಕೊಡೆ ಜಪಾನಿನವರೆಗೆ: ಓದುಗರ ಪ್ರಶ್ನೋತ್ತರ

ಏಷ್ಯಾದ ಕಟ್ಟಡಗಳ ಇತಿಹಾಸ, ಒಂದು ನಾಡಿನ ಕಟ್ಟುವ ವಿದ್ಯೆ ಇನ್ನೊಂದು ನಾಡಿಗೆ ಹೋದ ಬಗೆ – ಈ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಸಾಂಚಿಯ ಸ್ತೂಪ ಬೋರಲು ಹಾಕಿದ ಬಟ್ಟಲಿನಂತಿದೆ. ಜಪಾನಿನ ಪಗೋಡಾ ಐದಂತಸ್ತಿನ ಮರದ ಗೋಪುರ. ಎರಡೂ ಒಂದೇ ವಂಶದವು ಎನ್ನುತ್ತಾರೆ. ನಂಬುವುದು ಹೇಗೆ?

ಉತ್ತರ: ಒಟ್ಟು ಆಕಾರವನ್ನು ಸ್ವಲ್ಪ ಹೊತ್ತು ಮರೆತು ತುದಿಯನ್ನು ನೋಡಿ. ಸಾಂಚಿಯ ದೊಡ್ಡ ಸ್ತೂಪದಲ್ಲಿ ಅರ್ಧಗೋಳದ ಅಂಡ, ಅದರ ನೆತ್ತಿಯ ಮೇಲೆ ಚೌಕದ ಕಲ್ಲಿನ ಕಟಾಂಜನ (ಇದೇ ಹರ್ಮಿಕೆ), ಅದರ ನಡುವೆ ನೆಟ್ಟ ಯಷ್ಟಿ (ನೆಟ್ಟಗಿನ ಕಂಬಿ), ಯಷ್ಟಿಗೆ ಪೋಣಿಸಿದ ಮೂರು ಕೊಡೆಗಳು ಇವೆ. ಈಗ ಜಪಾನಿನ ನಾರಾ ಪ್ರಾಂತ್ಯದ ಹೋರ್ಯೂಜಿ ಪಗೋಡಾದ ಲೋಹದ ಶಿಖರಕ್ಕೆ ಬನ್ನಿ. ಕೆಳಗೆ ಚೌಕದ ಪೆಟ್ಟಿಗೆ, ಅದರ ಮೇಲೆ ಬೋರಲು ಬಟ್ಟಲು, ಅದರ ಮೇಲಕ್ಕೆ ಕಂಬಿಗೆ ಪೋಣಿಸಿದ ಒಂಬತ್ತು ಬಳೆಗಳು. ಬಟ್ಟಲು ಸಾಂಚಿಯ ಅಂಡ, ಬಳೆಗಳು ಅದರ ಕೊಡೆಗಳು. ಭಾರತದಲ್ಲಿ ನೆಲದ ಮೇಲೆ ಕೂತಿದ್ದ ಇಡೀ ಸ್ತೂಪ ಇಲ್ಲಿ ಕುಗ್ಗಿ ಗೋಪುರದ ನೆತ್ತಿಯ ಮೇಲೆ ಕೂತಿದೆ. ಕೆಳಗಿನ ಅಂತಸ್ತುಗಳು ಬಂದದ್ದು ಚೀನಾದ ಮರದ ಅಟ್ಟಣೆ ಗೋಪುರದಿಂದ. ಹಾನ್ ರಾಜವಂಶದ ಕಾಲದ ಸಮಾಧಿಗಳಲ್ಲಿ ಸಿಕ್ಕ ಮಣ್ಣಿನ ಮಾದರಿಗಳಲ್ಲಿ, ಅಂದರೆ ಪಗೋಡಾಗಳಿಗಿಂತ ಮುಂಚೆಯೇ, ಅಂಥ ಗೋಪುರಗಳನ್ನು ಕಾಣಬಹುದು.

ನಡುವಿನ ಕೊಂಡಿಗಳೂ ಉಳಿದಿವೆ. ಗಾಂಧಾರದಲ್ಲಿ (ಈಗಿನ ಪಾಕಿಸ್ತಾನದ ವಾಯವ್ಯ ಭಾಗ) ಸ್ತೂಪದ ಪೀಠ ಮೆಟ್ಟಿಲು ಮೆಟ್ಟಿಲಾಗಿ ಎತ್ತರಕ್ಕೆ ಬೆಳೆಯಿತು, ಕೊಡೆಗಳ ಸಂಖ್ಯೆಯೂ ಹೆಚ್ಚಿತು. ಚೀನಾದ ಹೆನಾನಿನಲ್ಲಿ ಕ್ರಿ.ಶ. 523ರ ಸೊಂಗ್ಯುಯೆ ಪಗೋಡಾ ಇದೆ: ಇಟ್ಟಿಗೆಯದು, ಹನ್ನೆರಡು ಮುಖ, ಒಂದರ ಮೇಲೊಂದು ಹದಿನೈದು ಸೂರು, ಸುಮಾರು 40 ಮೀಟರ್ ಎತ್ತರ. ಆಕಾರಕ್ಕಿಂತ ಗಟ್ಟಿ ಸಾಕ್ಷಿಯೆಂದರೆ ಬಳಕೆ. ಸ್ತೂಪದ ಒಳಗೆ ಬುದ್ಧಧಾತು (ಬುದ್ಧನ ಅಸ್ಥಿ ಅವಶೇಷ) ಇರುವಂತೆ ಹೋರ್ಯೂಜಿಯಲ್ಲೂ ನಡುಗಂಬದ ಬುಡದ ಕಲ್ಲಿನೊಳಗೆ ಧಾತುವಿನ ಕರಂಡಕ ಇಟ್ಟಿದ್ದಾರೆ.

ಆ ನಡುಗಂಬದ ಬಗ್ಗೆ ಇನ್ನೊಂದು ಮಾತು. ಅದು ಅಂತಸ್ತುಗಳ ಭಾರ ಹೊರುವುದಿಲ್ಲ, ಶಿಖರವನ್ನು ಮಾತ್ರ ಹೊರುತ್ತದೆ. ಮರ ಒಣಗುವಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯುದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡ ತೊಲೆಗಳ ಪೇರಿಕೆಯಾದ ಗೋಪುರದ ಮೈ ವರ್ಷಗಳು ಕಳೆದಂತೆ ಕೆಳಗಿಳಿಯುತ್ತದೆ, ನೆಟ್ಟಗೆ ನಿಂತ ಕಂಬ ಇಳಿಯುವುದಿಲ್ಲ. ಆಗ ನೆತ್ತಿಯ ಮಾಡು ಮತ್ತು ಶಿಖರದ ನಡುವೆ ಬಿರುಕು ಬಿಟ್ಟು ನೀರು ಸೋರುತ್ತದೆ. 1818ರಲ್ಲಿ ಮತ್ತೆ ಕಟ್ಟಿದ ನಿಕ್ಕೋದ ಪಗೋಡಾದಲ್ಲಿ ನಡುಗಂಬವನ್ನು ನಾಲ್ಕನೇ ಅಂತಸ್ತಿನಿಂದ ಸರಪಳಿಯಲ್ಲಿ ತೂಗುಹಾಕಿದರು. ಗೋಪುರ ಇಳಿದರೆ ಕಂಬವೂ ಜೊತೆಯಲ್ಲೇ ಇಳಿಯುತ್ತದೆ. ಭಾರತದಿಂದ ಬಂದ ಯಷ್ಟಿ ಕಲ್ಲಿನಿಂದ ಮರಕ್ಕೆ ಬದಲಾದಾಗ ಹುಟ್ಟಿದ ತೊಡಕು ಇದು, ಅದನ್ನು ಬಗೆಹರಿಸಿದವರು ಅಲ್ಲಿನ ಬಡಗಿಗಳು.

ಪ್ರಶ್ನೆ: ಹೋರ್ಯೂಜಿಯ ಕಂಬಗಳ ಉಬ್ಬು ಗ್ರೀಕ್ ದೇಗುಲಗಳಿಂದ ಬಂದದ್ದು ಎಂದು ಓದಿದೆ. ನಿಜವೇ?

ಉತ್ತರ: ಜಪಾನಿನ ವಾಸ್ತು ಇತಿಹಾಸಕಾರ ಇತೋ ಚೂತಾ 1893ರಲ್ಲಿ ಮುಂದಿಟ್ಟ ವಾದ ಅದು. ಅವರು 1902ರಿಂದ 1905ರವರೆಗೆ ಚೀನಾ, ಬರ್ಮಾ, ಭಾರತ, ತುರ್ಕಿಗಳ ಮೂಲಕ ಪ್ರಯಾಣ ಮಾಡಿ ಏಷ್ಯಾದ ಕಟ್ಟಡಗಳನ್ನು ಕಣ್ಣಾರೆ ಕಂಡರು. ಆ ಶ್ರಮದ ಬಗ್ಗೆ ಗೌರವವಿದೆ, ಆದರೆ ಉಬ್ಬಿನ ವಾದವನ್ನು ಒಪ್ಪಲಾಗದು. ಗ್ರೀಕ್ ಕಂಬ ಬುಡದಲ್ಲೇ ಹೆಚ್ಚು ದಪ್ಪ, ಮೇಲಕ್ಕೆ ಹೋದಂತೆ ಮೆಲ್ಲಗೆ ಬಾಗಿ ಸಣ್ಣದಾಗುತ್ತದೆ. ಹೋರ್ಯೂಜಿಯ ಕಂಬ ಬುಡದಿಂದ ಸುಮಾರು ಮೂರನೇ ಒಂದು ಭಾಗ ಮೇಲೆ ಅತಿ ದಪ್ಪ. ಚೀನಾದಲ್ಲಿ, ನಡುವೆ ಉಬ್ಬಿದ ನೇಯ್ಗೆಯ ಲಾಳಿಯ ಹೆಸರಿನಿಂದಲೇ ಕರೆಯುವ ಕಂಬದ ಬಗೆಯೊಂದು ಬಳಕೆಯಲ್ಲಿತ್ತು. ಅಷ್ಟು ಹತ್ತಿರದಲ್ಲಿ ಮೂಲವಿರುವಾಗ ಅಥೆನ್ಸಿನವರೆಗೆ ಹೋಗುವ ಅಗತ್ಯವಿಲ್ಲ.

ನಾರಾದ ಶೋಸೋಯಿನ್ ಭಂಡಾರದಲ್ಲಿ ಪರ್ಷಿಯಾದ ಕೊರೆದ ಗಾಜಿನ ಬಟ್ಟಲು ಇದೆಯಲ್ಲ ಎಂದು ಕೇಳಬಹುದು. ಇದೆ. ಬಟ್ಟಲನ್ನು ಒಂಟೆಯ ಮೇಲೆ, ಹಡಗಿನಲ್ಲಿ, ಹತ್ತು ಕೈ ದಾಟಿಸಿ ತರಬಹುದು. ಕಂಬ ಕೆತ್ತುವ ಬಡಗಿಯ ಕೈಚಳಕ ಹಾಗೆ ಬರುವುದಿಲ್ಲ. ಅದಕ್ಕೆ ಕಲಿಸುವವರು ಬೇಕು, ನಡುವಿನ ಊರುಗಳಲ್ಲಿ ಅದೇ ಬಗೆಯ ಕಂಬಗಳು ಸಿಗಬೇಕು.

ಪ್ರಶ್ನೆ: ಹಾಗಾದರೆ ಕುಶಲಕರ್ಮಿಗಳೇ ದೇಶ ದಾಟಿದ ಖಚಿತ ದಾಖಲೆ ಯಾವುದಾದರೂ ಇದೆಯೇ?

ಉತ್ತರ: ಇದೆ, ಅದೂ ತುಂಬಾ ಸೊಗಸಾದದ್ದು. ನೇಪಾಳದಲ್ಲಿ 1245ರಲ್ಲಿ ಹುಟ್ಟಿದ ಅರನಿಕೊ 1260ರಲ್ಲಿ, ಇನ್ನೂ ಹದಿಹರೆಯದಲ್ಲೇ, 80 ಮಂದಿ ಕುಶಲಕರ್ಮಿಗಳ ತಂಡದ ಮುಖ್ಯಸ್ಥನಾಗಿ ಟಿಬೆಟ್ಟಿಗೆ ಹೋದ. ಅವನ ಕೆಲಸ ನೋಡಿ ಮೆಚ್ಚಿದ ಅಲ್ಲಿನ ಬೌದ್ಧ ಗುರುಗಳು ಅವನನ್ನು ಕುಬ್ಲಾಯ್ ಖಾನನ ಆಸ್ಥಾನಕ್ಕೆ ಕರೆದೊಯ್ದರು. ಬೀಜಿಂಗಿನ ಮಿಯಾವೊಯಿಂಗ್ ವಿಹಾರದ ಬಿಳಿ ಸ್ತೂಪ, 1271ರಿಂದ 1279ರ ನಡುವೆ ಕಟ್ಟಿದ ಸುಮಾರು 51 ಮೀಟರ್ ಎತ್ತರದ್ದು, ಅವನ ಕೆಲಸ. ಮೂಲೆಗಳಲ್ಲಿ ಹಂತ ಹಂತವಾಗಿ ಒಳಸರಿದ ಪೀಠ, ಬುಡಕ್ಕಿಂತ ಭುಜದಲ್ಲಿ ಅಗಲವಾದ ಅಂಡ, ಅದರ ಮೇಲೆ 13 ಬಳೆಗಳ ಕುತ್ತಿಗೆ, ಅಂಚಿಗೆ ಗಂಟೆ ಕಟ್ಟಿದ ಲೋಹದ ಛತ್ರ – ಇವನ್ನು ಗುರುತಿಟ್ಟುಕೊಂಡರೆ ಈ ಬಗೆಯ ಸ್ತೂಪವನ್ನು ಎಲ್ಲಿ ಕಂಡರೂ ಹೇಳಬಹುದು. ಅವನ ಬಾಳಿನ ವಿವರ ನಮಗೆ ತಿಳಿದಿರುವುದು ಚೀನೀ ಬರಹಗಳಿಂದ. ಅವನು 1306ರಲ್ಲಿ ತೀರಿಕೊಂಡದ್ದೂ ಚೀನಾದಲ್ಲೇ.

ಭಿಕ್ಷುವೊಬ್ಬ ದಾರಿಯಾದದ್ದೂ ಉಂಟು. ನಾರಾದ ತೋದಾಯ್‌ಜಿ ವಿಹಾರ 1180ರಲ್ಲಿ ಸುಟ್ಟುಹೋದಾಗ ಮರುನಿರ್ಮಾಣದ ಹೊಣೆ ಬಿದ್ದದ್ದು ಚೋಗೆನ್ ಎಂಬ ಭಿಕ್ಷುವಿನ ಮೇಲೆ. ಚೀನಾಕ್ಕೆ ಹೋಗಿಬಂದಿದ್ದ ಆತ ಸೊಂಗ್ ಚೀನಾದ ಕುಶಲಕರ್ಮಿಗಳನ್ನು ಕೆಲಸಕ್ಕೆ ಹಚ್ಚಿದ. 1199ರ ದಕ್ಷಿಣ ಮಹಾದ್ವಾರ ಈಗಲೂ ನಿಂತಿದೆ. ಅದರಲ್ಲಿ ಬೋದಿಗೆಯ (ಸೂರನ್ನು ಹೊರುವ ಮರದ ಆನಿಕೆ) ತೋಳುಗಳು ಕಂಬದ ತಲೆಯ ಮೇಲೆ ಕೂತಿಲ್ಲ, ಕಂಬದ ಮೈಗೇ ನಾಟಿಕೊಂಡಿವೆ. ಅಡ್ಡತೊಲೆಗಳು ಕಂಬವನ್ನು ತೂರಿಹೋಗಿ ಇಡೀ ಚೌಕಟ್ಟನ್ನು ಬಿಗಿಹಿಡಿದಿವೆ. ಈ ಕ್ರಮಕ್ಕೆ ಹತ್ತಿರದ ಹೋಲಿಕೆ ಸಿಗುವುದು ಚೀನಾದ ಫುಜಿಯಾನ್ ಕರಾವಳಿಯಲ್ಲಿ.

ಮೂರನೆಯ ದಾರಿ ಮಾದರಿ. ಬೋಧಗಯೆಯ ಮಹಾಬೋಧಿ ದೇಗುಲದ ಪುಟ್ಟ ಕಲ್ಲಿನ ಪ್ರತಿಕೃತಿಗಳು ಪೂರ್ವ ಭಾರತದಲ್ಲಿ ತಯಾರಾಗಿ ಯಾತ್ರಿಕರ ಜೊತೆ ಟಿಬೆಟ್, ಬರ್ಮಾಗಳಿಗೆ ಹೋದವು. ಬರ್ಮಾದ ಬಗಾನಿನಲ್ಲಿ 13ನೇ ಶತಮಾನದಲ್ಲಿ, ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ 15ನೇ ಶತಮಾನದಲ್ಲಿ, ಬೀಜಿಂಗಿನಲ್ಲಿ 1473ರಲ್ಲಿ ಅದೇ ದೇಗುಲದ ನೆನಪಿನ ಕಟ್ಟಡಗಳು ಎದ್ದವು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರತಿಯೊಬ್ಬರೂ ಯಾವ ಭಾಗವನ್ನು ಮುಖ್ಯವೆಂದು ಆರಿಸಿಕೊಂಡರು ಎಂಬುದು ತಿಳಿಯುತ್ತದೆ. ಬೀಜಿಂಗಿನವರಿಗೆ ಎತ್ತರದ ಜಗಲಿಯ ಮೇಲಿನ ಐದು ಶಿಖರಗಳು ಸಾಕಾದವು. ಬಗಾನಿನವರು ನಡುಶಿಖರದ ನಿಲುವನ್ನೇ ಹಿಡಿದರು.

ಪ್ರಶ್ನೆ: ಹಳೆಯ ಕಟ್ಟಡದ ಕಾಲವನ್ನು ಹೇಗೆ ನಿರ್ಧರಿಸುತ್ತಾರೆ? ಶಾಸನದ ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ತರುವುದು ಹೇಗೆ? (ಇತಿಹಾಸದ ವಿದ್ಯಾರ್ಥಿನಿ)

ಉತ್ತರ: ಮೊದಲು ಲೆಕ್ಕ. ಗತ (ಅಂದರೆ ಮುಗಿದ) ಶಕವರ್ಷಕ್ಕೆ 78 ಕೂಡಿಸಿ. ತಿಂಗಳು ಪುಷ್ಯದ ಕೊನೆ, ಮಾಘ ಅಥವಾ ಫಾಲ್ಗುಣವಾಗಿದ್ದರೆ 79 ಕೂಡಿಸಬೇಕು, ಏಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಕಾಂಬೋಡಿಯಾದ ಬಂತೇಯ್ ಸ್ರೇಯ್ ದೇಗುಲ ಶಕ 889ರದು, ಅಂದರೆ 967. ಕೆಲವು ಶಾಸನಗಳು ಗತವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಕೊಡುತ್ತವೆ. ಆಗ ಒಂದು ವರ್ಷ ಕಡಿಮೆ ಮಾಡಬೇಕು. ಯಾವುದು ಎಂಬ ಸಂದೇಹ ಬಂದರೆ ಕನ್ನಡ ಶಾಸನಗಳಲ್ಲಿ ಸಂವತ್ಸರದ ಹೆಸರು ಕೈಹಿಡಿಯುತ್ತದೆ, ಆಗ್ನೇಯ ಏಷ್ಯಾದವುಗಳಲ್ಲಿ ವಾರ ಮತ್ತು ತಿಥಿ. ಅಂಕಿಗಳ ಬದಲು ವೇದ, ಬಾಣ, ನೇತ್ರ ಎಂಬ ಪದಗಳಿದ್ದರೆ 4, 5, 2 ಎಂದು ತಿಳಿದು ಬಲದಿಂದ ಎಡಕ್ಕೆ ಜೋಡಿಸಿ. ಈ ಕ್ರಮ ಕರ್ನಾಟಕದಲ್ಲಿ ಇದ್ದಂತೆ ಕಾಂಬೋಡಿಯಾದಲ್ಲೂ ಇದೆ.

ಚೀನೀ ಶಾಸನದಲ್ಲಿ ಇರುವುದು ಆಳ್ವಿಕೆಯ ಅವಧಿಗೆ ಇಟ್ಟ ಹೆಸರು ಮತ್ತು ಅದರ ಎಷ್ಟನೇ ವರ್ಷ ಎಂಬುದು. ಆ ಹೆಸರಿನ ಮೊದಲ ವರ್ಷಕ್ಕೆ ಶಾಸನದ ಸಂಖ್ಯೆ ಕೂಡಿಸಿ ಒಂದು ಕಳೆಯಿರಿ. ದಾಝೊಂಗ್ ಹೆಸರು 847ರಲ್ಲಿ ಆರಂಭ, ಹಾಗಾಗಿ ದಾಝೊಂಗ್ 11 ಎಂದರೆ 857. ಹನ್ನೆರಡನೇ ತಿಂಗಳಾಗಿದ್ದರೆ ಮುಂದಿನ ಕ್ರಿಸ್ತವರ್ಷಕ್ಕೆ ಜಾರಿರಬಹುದು. ಅಲ್ಲೂ ಅರವತ್ತು ವರ್ಷಗಳ ಚಕ್ರವಿದೆ, ನಮ್ಮಲ್ಲೂ ಇದೆ. ಆ ಒಂದು ಕಾರಣಕ್ಕೆ ಎರಡಕ್ಕೂ ಒಂದೇ ಮೂಲ ಎಂದು ಬರೆದುಬಿಡಬೇಡಿ.

ದಾಝೊಂಗ್ 11ರ ಉದಾಹರಣೆಯನ್ನು ಬೇಕೆಂದೇ ಕೊಟ್ಟದ್ದು. ಚೀನಾದ ವಾಸ್ತು ಇತಿಹಾಸಕಾರರಾದ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿ ತಾಂಗ್ ರಾಜವಂಶದ ಕಾಲದ ಮರದ ಕಟ್ಟಡಕ್ಕಾಗಿ ಹುಡುಕುತ್ತಿದ್ದರು. ದುನ್‌ಹುವಾಂಗಿನ 61ನೇ ಗುಹೆಯ ಗೋಡೆಯಲ್ಲಿ ವುತಾಯ್ ಬೆಟ್ಟದ ವಿಹಾರಗಳ ಚಿತ್ರ ಹೆಸರು ಸಮೇತ ಇದೆ. ಅದರ ಫೋಟೋ ನೋಡಿ 1937ರಲ್ಲಿ ಅವರು ಫೊಗುವಾಂಗ್ ವಿಹಾರಕ್ಕೆ ಹೋದರು. ಪೂರ್ವ ಮಂಟಪದ ತೊಲೆಯ ತಳದಲ್ಲಿ ಮಸುಕಾದ ಬರಹವನ್ನು ಮೊದಲು ಗುರುತಿಸಿದವರು ಲಿನ್. ಅದರಲ್ಲಿ ದಾನ ಕೊಟ್ಟ ಹೆಂಗಸೊಬ್ಬಳ ಹೆಸರಿತ್ತು. ಅಂಗಳದ ಕಲ್ಲುಗಂಬದಲ್ಲಿ ಅದೇ ಹೆಸರು, ಜೊತೆಗೆ ದಾಝೊಂಗ್ 11 ಎಂಬ ವರ್ಷ. ಕಲ್ಲುಗಂಬ ಒಂದೇ ಆಗಿದ್ದರೆ ಅದು ಬೇರೆ ಕಟ್ಟಡದ್ದಿರಬಹುದು ಎನ್ನಬಹುದಿತ್ತು, ತೊಲೆಯ ಬರಹ ಒಂದೇ ಆಗಿದ್ದರೆ ವರ್ಷ ಸಿಗುತ್ತಿರಲಿಲ್ಲ. ಎರಡೂ ಕೂಡಿದ್ದರಿಂದ ಕಾಲ ನಿಂತಿತು. ಈ ವಿಷಯ ಕಲಿಸುವವರು ಎಲ್ಲಕ್ಕಿಂತ ಮೊದಲು ಹೇಳಬೇಕಾದ ಪಾಠವೆಂದರೆ ಇದು.

ಮರದ ವರ್ಷಬಳೆಗಳಿಂದ ಸಿಗುವುದು ಮರ ಕಡಿದ ವರ್ಷ, ಕಟ್ಟಡದ ವರ್ಷವಲ್ಲ. ಹೋರ್ಯೂಜಿ ಪಗೋಡಾದ ನಡುಗಂಬದ ಮರ ಕಡಿದದ್ದು 594ರಲ್ಲಿ. ವಿಹಾರ ಸುಟ್ಟದ್ದು 670ರಲ್ಲಿ, ಈಗಿನ ಪಗೋಡಾ ಅದರ ನಂತರದ್ದು. ಹಳೆಯ ಮರವನ್ನು ಕೂಡಿಟ್ಟಿದ್ದರೋ ಬೇರೆ ಕಟ್ಟಡದಿಂದ ತಂದರೋ ಎಂಬ ಚರ್ಚೆ ನಡೆದೇ ಇದೆ. ಅದಕ್ಕೇ ಒಂದೇ ತುಂಡಿನಿಂದ ತೀರ್ಮಾನ ಬೇಡ, ಬೇರೆ ಬೇರೆ ಅಂಗಗಳಿಂದ ಮಾದರಿ ತೆಗೆಯಬೇಕು. ತೊಗಟೆಯ ಅಂಚು ಉಳಿದಿರುವ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಕೆತ್ತಿ ತೆಗೆದ ಹೊರಬಳೆಗಳ ಲೆಕ್ಕ ಯಾರಿಗೂ ಸಿಗದು.

ಪ್ರಶ್ನೆ: ಮರದ ಮಂಟಪವನ್ನು ಅಳೆಯುವಾಗ ನನಗೆ ಪ್ರತಿ ಅಂಕಣಕ್ಕೂ (ಎರಡು ಕಂಬಗಳ ನಡುವಿನ ಜಾಗ) ಬೇರೆ ಬೇರೆ ಅಳತೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಶಃ ನೀವು ತಪ್ಪಿಲ್ಲ. ಚೀನೀ ಪದ್ಧತಿಯ ಮಂಟಪವಾದರೆ ಕಂಬಗಳು ಬೇಕೆಂದೇ ಒಳಕ್ಕೆ ವಾಲಿರುತ್ತವೆ. ಲಿ ಜಿಯೆ ಸಂಪಾದಿಸಿ 1103ರಲ್ಲಿ ಮುದ್ರಣವಾದ ಸೊಂಗ್ ಸರ್ಕಾರದ ಕಟ್ಟಡ ನಿಯಮಗಳ ಪ್ರಕಾರ ಮುಂಭಾಗದ ಕಂಬ ತನ್ನ ಎತ್ತರದ ನೂರರಲ್ಲಿ ಒಂದು ಪಾಲು ಒಳಕ್ಕೆ ವಾಲಬೇಕು. ನಡುವಿನಿಂದ ಮೂಲೆಯ ಕಡೆಗೆ ಕಂಬಗಳ ಎತ್ತರವೂ ಏರುತ್ತದೆ: ಮೂರಂಕಣಕ್ಕೆ 2 ತ್ಸುನ್, ಐದಂಕಣಕ್ಕೆ 4, ಏಳಕ್ಕೆ 6. ಹತ್ತು ತ್ಸುನ್ ಸೇರಿದರೆ ಒಂದು ಚೀನೀ ಅಡಿ. ಆದ್ದರಿಂದ ಬುಡದಲ್ಲಿ ಅಳೆದ ಅಂಕಣ, ತಲೆಯಲ್ಲಿ ಅಳೆದ ಅಂಕಣ ಒಂದೇ ಆಗುವುದಿಲ್ಲ. ಎರಡನ್ನೂ ಅಳೆದು ಎಲ್ಲಿ ಅಳೆದದ್ದು ಎಂದು ಬರೆದಿಡಿ.

ಕ್ರಮ ಹೀಗಿರಲಿ. ನೆಲದಿಂದ ಮಟ್ಟದ ಗೆರೆಯೊಂದನ್ನು ಇಡೀ ಕಟ್ಟಡಕ್ಕೆ ಸುತ್ತಿಸಿ, ಎತ್ತರಗಳನ್ನೆಲ್ಲ ಅದರಿಂದಲೇ ತೆಗೆಯಿರಿ. ಪ್ರತಿ ಕೋಣೆಯ ಎರಡೂ ಕರ್ಣಗಳನ್ನು ಅಳೆಯಿರಿ. ಬರೀ ನಾಲ್ಕು ಬದಿ ಅಳೆದು ತಂದರೆ ಮನೆಗೆ ಬಂದು ನಕ್ಷೆ ಬರೆಯುವಾಗ ಮೂಲೆ ಕೂಡುವುದಿಲ್ಲ. ಪ್ರತಿ ಕಂಬಕ್ಕೂ ತೂಗುಗುಂಡು ಬಿಟ್ಟು ವಾಲಿಕೆ ನೋಡಿ. ಅಂಕಣಗಳನ್ನು ತುಂಡು ತುಂಡಾಗಿ ಅಳೆದು ಕೂಡಿಸಿದರೆ ತಪ್ಪೂ ಕೂಡುತ್ತಾ ಹೋಗುತ್ತದೆ, ಟೇಪನ್ನು ಒಂದು ತುದಿಯಲ್ಲಿ ಹಿಡಿದು ಸಾಲಾಗಿ ಓದಿಕೊಳ್ಳಿ. ಫೋಟೋಗಳಿಂದ ಮಾದರಿ ಕಟ್ಟುವುದಾದರೆ ಅಕ್ಕಪಕ್ಕದ ಚಿತ್ರಗಳು 60ರಿಂದ 80 ಶೇಕಡಾ ಒಂದನ್ನೊಂದು ಹೊದ್ದಿರಬೇಕು, ಚೌಕಟ್ಟಿನಲ್ಲಿ ಅಳತೆಯ ಪಟ್ಟಿ ಇರಲೇಬೇಕು. ನೆಲನಕ್ಷೆ 1:50ರಲ್ಲಿ, ಬೋದಿಗೆ 1:10ರಲ್ಲಿ ಬರೆಯಿರಿ.

ಆಮೇಲೆ ಮೂಲಮಾನ. ಸೊಂಗ್ ನಿಯಮದಲ್ಲಿ ಬೋದಿಗೆಯ ತೋಳಿನ ಅಡ್ಡಕೊಯ್ತವೇ ಇಡೀ ಕಟ್ಟಡದ ಅಳತೆಗೋಲು. ಅದರ ಹೆಸರು ತ್ಸೈ: ಅದರ ಎತ್ತರವನ್ನು 15 ಪಾಲು ಮಾಡಿದರೆ ಒಂದು ಪಾಲು ಒಂದು ಫೆನ್, ಅಗಲ ಅಂಥ 10 ಫೆನ್. ಕಟ್ಟಡದ ದರ್ಜೆಗೆ ತಕ್ಕಂತೆ ಎಂಟು ಗಾತ್ರಗಳಿದ್ದು, ಅತಿ ದೊಡ್ಡದು 9 ತ್ಸುನ್ ಎತ್ತರ, 6 ತ್ಸುನ್ ಅಗಲ. ಫೊಗುವಾಂಗ್ ಮಂಟಪ ಈ ನಿಯಮಗಳು ಮುದ್ರಣವಾಗುವುದಕ್ಕಿಂತ ಸುಮಾರು ಎರಡೂವರೆ ಶತಮಾನ ಹಳೆಯದು. ಆದರೂ ಅಲ್ಲಿನ ತೋಳು ಸುಮಾರು 30 ಸೆಂ.ಮೀ. ಎತ್ತರ, 20.5 ಸೆಂ.ಮೀ. ಅಗಲ. ಎತ್ತರದಿಂದ ಲೆಕ್ಕ ಹಾಕಿದರೆ ಒಂದು ಫೆನ್ 2 ಸೆಂ.ಮೀ., ಅಗಲದಿಂದ 2.05. ಬಡಗಿಯ ಉಳಿ, ಒಣಗಿದ ಮರ, ಆಮೇಲಿನ ರಿಪೇರಿ ಎಲ್ಲ ಸೇರಿ ಅಷ್ಟು ಅಂತರ ಬರುತ್ತದೆ. ಅದಕ್ಕಾಗಿ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ತೋಳುಗಳನ್ನು ಅಳೆದು, ಸಾಲಾಗಿ ಜೋಡಿಸಿ ನಡುವಿನ ಬೆಲೆಯನ್ನು ತೆಗೆದುಕೊಳ್ಳಿ. ರಿಪೇರಿಯಲ್ಲಿ ಹೊಸದಾಗಿ ಹಾಕಿದ ತೋಳುಗಳನ್ನು ಲೆಕ್ಕದಿಂದ ಬಿಡಬೇಕು. ಉಳಿಯ ಗುರುತು ಮತ್ತು ಮರದ ಬಣ್ಣ ಅವನ್ನು ತೋರಿಸಿಕೊಡುತ್ತವೆ.

ಪ್ರಶ್ನೆ: ಶಿಲ್ಪಶಾಸ್ತ್ರ ಓದಿಕೊಂಡು ದೇವಾಲಯಕ್ಕೆ ಹೋದರೆ ಅಲ್ಲಿ ಏನೂ ಹೊಂದುವುದಿಲ್ಲವಲ್ಲ?

ಉತ್ತರ: ಗ್ರಂಥ ಒಂದೇ ಸಾಕಾಗುವುದಿಲ್ಲ, ಕಸುಬುದಾರರ ಬಾಯಿಮಾತು ಬೇಕು. ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜರು ಮಾನಸಾರ ಮೊದಲಾದ ಗ್ರಂಥಗಳನ್ನು ಬಲ್ಲ ಶಿಲ್ಪಿಗಳ ನೆರವಿನಿಂದ ಬಿಡಿಸಿ ಬರೆದರು. ಅವರು ತೀರಿಕೊಂಡ ಮೇಲೆ, 1834ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಸುಮಾರು ನೂರು ವರ್ಷದ ನಂತರ ಲಿಯಾಂಗ್ ಸಿಚೆಂಗ್ ಕೂಡ ಅದೇ ದಾರಿ ಹಿಡಿದರು: ಮೊದಲು ಬೀಜಿಂಗ್ ಅರಮನೆಯ ಹಳೆಯ ಬಡಗಿಗಳಿಂದ ಚಿಂಗ್ ಕಾಲದ ಪದಗಳನ್ನು ಕಲಿತು, ಆಮೇಲೆ ಮೇಲೆ ಹೇಳಿದ 1103ರ ಸೊಂಗ್ ಗ್ರಂಥಕ್ಕೆ ಹಿಂದಿರುಗಿದರು. ನಮ್ಮ ರಾಮರಾಜರ ಹೆಸರು ಈ ನಾಡಿನಲ್ಲೇ ಇಷ್ಟು ಮರೆತುಹೋಗಿರುವುದು ಬೇಸರದ ಸಂಗತಿ.

ಪ್ರಶ್ನೆ: ಆಂಗ್ಕೋರ್ ವಾಟ್ ಕಟ್ಟಿದ್ದು ಭಾರತದಿಂದ ಹೋದ ಸ್ಥಪತಿಗಳೇ?

ಉತ್ತರ: ಹಾಗೆ ಹೇಳುವ ಶಾಸನವಿಲ್ಲ, ಕಟ್ಟಡವೂ ಹಾಗೆ ಹೇಳುವುದಿಲ್ಲ. ಸಂಸ್ಕೃತ, ವಿಷ್ಣು, ಮೇರುವಿನ ಐದು ಶಿಖರಗಳ ಕಲ್ಪನೆ, ಶಕವರ್ಷ ಇವೆಲ್ಲ ಭಾರತದಿಂದ ಹೋದವು. ಕಟ್ಟಿದ ಕೈ ಕಾಂಬೋಡಿಯಾದ ಖ್ಮೇರರದು. ಒಳತಿರುಳಿಗೆ ಜಂಬಿಟ್ಟಿಗೆ, ಹೊರಮೈಗೆ ಮರಳುಗಲ್ಲು, ಸುತ್ತ ಸುಮಾರು 190 ಮೀಟರ್ ಅಗಲದ ಕಂದಕ. ಉದ್ದನೆಯ ಪ್ರಾಕಾರ ಮೊಗಸಾಲೆಗಳ ಮಾಡನ್ನು ಪ್ರತಿ ವರಸೆಯ ಕಲ್ಲನ್ನೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಚಾಚಿ ಕೂಡಿಸಿದ್ದಾರೆ. ಹೀಗೆ ಕೂಡಿಸಿದರೆ ಅಗಲ ಹೆಚ್ಚಿಸಲಾಗದು, ಅದಕ್ಕೇ ಅಷ್ಟು ದೊಡ್ಡ ದೇಗುಲದ ಒಳಗಿನ ಓಣಿಗಳು ಇಕ್ಕಟ್ಟು. ಅದೇ ಕಾಲದ ಬಗಾನಿನಲ್ಲಿ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ನಿಜವಾದ ಕಮಾನು ಕಟ್ಟುತ್ತಿದ್ದರು. ಇಬ್ಬರೂ ಭಾರತದ ಕಡೆ ನೋಡುತ್ತಿದ್ದವರೇ, ಆದರೂ ಮಾಡು ಮುಚ್ಚುವ ವಿದ್ಯೆಯಲ್ಲಿ ಅವರವರ ದಾರಿ ಬೇರೆ.

ಪ್ರಶ್ನೆ: ಬೀದರಿನ ಮದರಸಾ ಇರಾನಿನ ನಕಲೇ?

ಉತ್ತರ: ನಕಲು ಎಂಬ ಮಾತು ಸರಿಹೊಂದದು, ಆದರೆ ನಂಟು ನೇರವಾದದ್ದು. ಕಟ್ಟಿಸಿದ ಮಹಮೂದ್ ಗವಾನ್ ಕಾಸ್ಪಿಯನ್ ತೀರದ ಗೀಲಾನಿನವನು, ಬಹಮನಿಗಳ ಮಂತ್ರಿ. 1472ರ ಕಟ್ಟಡ. ನಡುವೆ ಚೌಕದಂಗಳ, ನಾಲ್ಕು ಬದಿಯ ನಡುವೆ ಒಂದೊಂದು ಎತ್ತರದ ಕಮಾನಿನ ಮೊಗಸಾಲೆ, ಸುತ್ತ ಮೂರಂತಸ್ತಿನ ಕೋಣೆಗಳು. ಇರಾನಿನ ಖೊರಾಸಾನಿನ ಖರ್ಗಿರ್ದ್‌ನಲ್ಲಿ 1444ರ ಹೊತ್ತಿಗೆ ಮುಗಿದ ಮದರಸಾದ ಜೊತೆ ಹೋಲಿಸಿ ನೋಡಿ. ಮುಂಭಾಗದಲ್ಲಿ ಉಳಿದಿರುವ ಒಂದು ಮಿನಾರಿನ ಮೇಲೆ ಗಾಜುಲೇಪದ ಬಣ್ಣದ ಬಿಲ್ಲೆಗಳು ಇನ್ನೂ ಕಾಣುತ್ತವೆ. 17ನೇ ಶತಮಾನದ ಕೊನೆಯ ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ದೊಡ್ಡ ಭಾಗ ಹೋಯಿತು. ಉಳಿದ ಬಿಲ್ಲೆಗಳು ಉದುರುವುದಕ್ಕೆ ಕಾರಣ ಬೇರೆ. ಗೋಡೆಯೊಳಗಿನ ತೇವ ಉಪ್ಪನ್ನು ಹೊತ್ತು ಬಿಲ್ಲೆಯ ಬೆನ್ನಿಗೆ ಬರುತ್ತದೆ, ಗಾಜುಲೇಪ ನೀರನ್ನು ಹೊರಗೆ ಬಿಡುವುದಿಲ್ಲ, ಉಪ್ಪು ಅಲ್ಲೇ ಹರಳುಗಟ್ಟಿ ಬಿಲ್ಲೆಯನ್ನು ತಳ್ಳುತ್ತದೆ. ಇಂಥ ಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿದರೆ ತೇವಕ್ಕೆ ಇದ್ದ ಕೊನೆಯ ದಾರಿಯೂ ಮುಚ್ಚುತ್ತದೆ. ಸುಣ್ಣದ ಗಾರೆಯೇ ಆಗಬೇಕು.

ಅಲ್ಲಿಗೆ ಹೋದವರು ಕೋಟೆಯೊಳಗಿನ ರಂಗೀನ್ ಮಹಲನ್ನೂ ತಪ್ಪದೆ ನೋಡಿ. ಕೆತ್ತನೆಯ ಮರದ ಕಂಬ, ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಪರ್ಷಿಯಾದ ಬಗೆಯ ಬಿಲ್ಲೆ ಎಲ್ಲ ಒಂದೇ ಕಡೆ ಸಿಗುತ್ತವೆ.

ಪ್ರಶ್ನೆ: ಚೀನಾದ ಶಿಆನ್ ಮಸೀದಿ ಚೀನೀ ದೇಗುಲದಂತೆಯೇ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಹೇಗೆ?

ಉತ್ತರ: ದಿಕ್ಕು ನೋಡಿ. ಚೀನೀ ದೇಗುಲದ ಅಂಗಳಗಳು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತವೆ. ಶಿಆನ್‌ನಲ್ಲಿ ಅವು ಪೂರ್ವದಿಂದ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ ಸಾಗಿ ಪ್ರಾರ್ಥನಾ ಮಂದಿರದಲ್ಲಿ ಮುಗಿಯುತ್ತವೆ.

ಪ್ರಶ್ನೆ: ಕುಸಿದ ದೇಗುಲದ ಕಲ್ಲುಗಳನ್ನು ಮತ್ತೆ ಜೋಡಿಸುವ ವಿಧಾನ ಯಾವುದು? ಎಲ್ಲಿ ಕೆಡುತ್ತದೆ?

ಉತ್ತರ: ಇದೂ ಏಷ್ಯಾದೊಳಗೆ ಪಯಣಿಸಿದ ವಿದ್ಯೆಯೇ. ಜಾವಾದಲ್ಲಿ ಡಚ್ ಪುರಾತತ್ವಜ್ಞರು ಬಳಸುತ್ತಿದ್ದ ಕ್ರಮವನ್ನು ಕಲಿತು ಬಂದ ಫ್ರೆಂಚ್ ವಾಸ್ತುಶಿಲ್ಪಿ ಹೆನ್ರಿ ಮಾರ್ಶಾಲ್ 1931ರಿಂದ 1936ರವರೆಗೆ ಬಂತೇಯ್ ಸ್ರೇಯ್‌ನಲ್ಲಿ ಅದನ್ನು ಮಾಡಿ ತೋರಿಸಿದರು. ಬಿದ್ದ ಕಲ್ಲು ಬಿದ್ದ ಜಾಗದಲ್ಲೇ ಇರುವಾಗ ನಕ್ಷೆ ಬರೆದು ಸಂಖ್ಯೆ ಹಾಕುತ್ತಾರೆ. ಆಮೇಲೆ ಬಯಲಿನಲ್ಲಿ ವರಸೆ ವರಸೆಯಾಗಿ ಹರಡಿ, ಸಂದು ಕೂಡುವ ಜೋಡಿಗಳನ್ನು ಹುಡುಕಿ, ನೆಲದ ಮೇಲೇ ಒಮ್ಮೆ ಜೋಡಿಸಿ ನೋಡುತ್ತಾರೆ. ನಿಂತಿರುವ ಭಾಗವನ್ನೂ ಬಿಚ್ಚಿ ಅಡಿಪಾಯ ಗಟ್ಟಿ ಮಾಡಿ ನೀರು ಹರಿದುಹೋಗಲು ದಾರಿ ಕೊಟ್ಟ ಮೇಲೆಯೇ ಮರುಜೋಡಣೆ. ಕಳೆದುಹೋದ ಕಲ್ಲಿನ ಜಾಗಕ್ಕೆ ಹಾಕಿದ ಹೊಸ ಕಲ್ಲು ಕಣ್ಣಿಗೆ ಹೊಸದೆಂದೇ ತಿಳಿಯಬೇಕು, ಅದರ ಮೇಲೆ ಕಲ್ಪನೆಯ ಕೆತ್ತನೆ ಮಾಡಬಾರದು.

ಕೆಡುವುದು ಹೆಚ್ಚಾಗಿ ಕಾಗದದಲ್ಲಿ. ಆಂಗ್ಕೋರಿನ ಬಾಫುವೊನ್ ದೇಗುಲವನ್ನು 1960ರ ದಶಕದಲ್ಲಿ ಬಿಚ್ಚಿ ಸುಮಾರು 3 ಲಕ್ಷ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಹರಡಿದ್ದರು. ಯುದ್ಧದಿಂದ ಕೆಲಸ ನಿಂತಿತು, ಖ್ಮೇರ್ ರೂಜ್ ಕಾಲದಲ್ಲಿ ದಾಖಲೆಗಳು ನಾಶವಾದವು. 1995ರಲ್ಲಿ ಮತ್ತೆ ಆರಂಭಿಸಿದಾಗ ಯಾವ ಕಲ್ಲು ಎಲ್ಲಿಯದೆಂದು ಹೇಳುವ ಪಟ್ಟಿಯೇ ಇರಲಿಲ್ಲ. ಗಾರೆಯಿಲ್ಲದೆ ಕೂಡಿಸಿದ ಕಟ್ಟಡವಾದ್ದರಿಂದ ಪ್ರತಿ ಕಲ್ಲಿಗೂ ಒಂದೇ ಜಾಗ. ಹಳೆಯ ಫೋಟೋ, ಉಳಿದ ನಕ್ಷೆ, ಕಲ್ಲಿನ ಅಂಚಿನ ಕೆತ್ತನೆ ಹಿಡಿದು ಜೋಡಿಸಿ ಮುಗಿಸುವ ಹೊತ್ತಿಗೆ 2011 ಆಗಿತ್ತು. ಅಂಥ ಕೆಲಸಕ್ಕೆ ಕೈಹಾಕುವವರು ಕಲ್ಲಿನ ಪಟ್ಟಿಯ ಪ್ರತಿಯನ್ನು ಬೇರೆ ಬೇರೆ ಊರುಗಳಲ್ಲಿ ಇಡಬೇಕು, ಸಂಖ್ಯೆಯನ್ನು ಮಳೆಗೆ ಅಳಿಯುವ ಬಣ್ಣದಲ್ಲಿ ಬರೆಯಬಾರದು.